ಗರ್ಭಚೀಲದ ಆಪರೇಷನ್ ಮತ್ತು ಮನಸ್ಸಿನ ಮಂಕು

ಕಲಬುರಗಿ ಜಿಲ್ಲೆಯ ಕೊಡ್ಲಿ, ಚಿಂಚೋಳಿ, ಸೇಡಂ ಕಡೆ ನಲವತ್ತು ದಾಟಿದ ಹೆಣ್ಣುಮಕ್ಕಳು ದವಾಖಾನೆಗೆ ಬಂದರೆ ಹೇಳುವುದು ಹೆಚ್ಚಾಗಿ ಮೈಯ ಕಷ್ಟವನ್ನೇ. 'ನಿದ್ದಿ ಹತ್ತಂಗಿಲ್ಲ, ಮೈ ಉರಿತದ, ಯಾವ ಕೆಲಸದಾಗೂ ಮನಸ್ಸಿಲ್ಲ.' ಶಕ್ತಿಗೆಂದು ಗುಳಿಗೆ, ನೋವಿಗೊಂದು ಇಂಜೆಕ್ಷನ್ ಸಿಗುತ್ತದೆ. ಮುಟ್ಟು ಯಾವಾಗ ನಿಂತಿತು, ತಾನಾಗಿ ನಿಂತಿತೋ ಆಪರೇಷನ್‌ನಿಂದ ನಿಂತಿತೋ ಎಂದು ಕೇಳುವವರು ಕಡಿಮೆ. ಖಿನ್ನತೆಯ ಸುಳಿವು ಎಷ್ಟೋ ಸಲ ಅಲ್ಲೇ ಇರುತ್ತದೆ.

ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್‌ಗೆ ಬಸಿರು, ಬಾಣಂತನದ ಕೆಲಸ ಮಾತ್ರ ಇಲ್ಲ. ಅದು ಮೆದುಳಿಗೂ ಹೋಗುತ್ತದೆ; ಮನಸ್ಸಿನ ಸಮತೋಲಕ್ಕೆ ಬೇಕಾದ ಸೆರೊಟೋನಿನ್‌ನಂಥ ರಾಸಾಯನಿಕಗಳ ಮೇಲೆ ಪ್ರಭಾವ ಬೀರುತ್ತದೆ. ಮುಟ್ಟು ನಿಲ್ಲುವ ಕಾಲಕ್ಕೆ ಅದರ ಪ್ರಮಾಣ ಏರಿಳಿದು ಕೊನೆಗೆ ಕುಸಿಯುತ್ತದೆ. ರಾತ್ರಿ ಮೈಬಿಸಿ, ಬೆವರು. ನಿದ್ದೆಗೆಟ್ಟ ಮೇಲೆ ಮನಸ್ಸು ಕುಗ್ಗುವುದು ಸಹಜ.

ಗ್ರೀಸ್‌ನ ಸಂಶೋಧಕರು ಬೇರೆ ಬೇರೆ ದೇಶಗಳ 14 ಅಧ್ಯಯನಗಳನ್ನು, ಸುಮಾರು 67,000 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದರು. ಮುಟ್ಟು ತಡವಾಗಿ ನಿಂತಷ್ಟೂ, ಅಂದರೆ ಈಸ್ಟ್ರೋಜನ್ ಜೊತೆಗಿದ್ದ ವರ್ಷಗಳು ಹೆಚ್ಚಿದಷ್ಟೂ, ಮುಂದೆ ಖಿನ್ನತೆಯ ಸಾಧ್ಯತೆ ಕಡಿಮೆ ಕಂಡಿತು. ನಲವತ್ತರ ಒಳಗೇ ನಿಂತವರಲ್ಲಿ ಅದು ಸುಮಾರು ಎರಡು ಪಟ್ಟು. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 51.

ಈ ಲೆಕ್ಕ ಕಲಬುರಗಿ ಜಿಲ್ಲೆಗೆ ಬಂದಾಗ ಬರೀ ಲೆಕ್ಕವಾಗಿ ಉಳಿಯುವುದಿಲ್ಲ. ಇಲ್ಲಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ 2013ರಿಂದ 2015ರ ನಡುವೆ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರ ಗರ್ಭಚೀಲ ತೆಗೆದ ಪ್ರಕರಣ ಹೊರಬಂತು. ಅವರಲ್ಲಿ ಬಹುಪಾಲು ತಾಂಡಾಗಳ ಲಂಬಾಣಿ ಮತ್ತು ದಲಿತ ಮಹಿಳೆಯರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರ್ ಭಯ ಹುಟ್ಟಿಸಲಾಗಿತ್ತು. ಔಷಧಿಗೆ ಬಗ್ಗುವ ಸೋಂಕಿಗೆ ಅಂಗವನ್ನೇ ಕತ್ತರಿಸಿದ್ದು ಅಕ್ಷಮ್ಯ.

'ಚೀಲ ತೆಗೆಸಿದರೆ ಮುಟ್ಟಿನ ಕಾಟ ಮುಗೀತು' ಎನ್ನುವವರು ಒಂದು ಮಾತು ತಿಳಿಯಬೇಕು. ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಅವನ್ನು ಉಳಿಸಿದರೂ ಚಿಂತೆ ತಪ್ಪುವುದಿಲ್ಲ. ಅಂಡಾಶಯಕ್ಕೆ ರಕ್ತದ ಒಂದು ಪಾಲು ಬರುವುದು ಗರ್ಭಕೋಶದ ರಕ್ತನಾಳದ ಕವಲಿನಿಂದ. ಆಪರೇಷನ್‌ನಲ್ಲಿ ಆ ಕವಲು ಕಡಿಯುವುದರಿಂದ ಅಂಡಾಶಯ ಕೆಲವು ವರ್ಷ ಮೊದಲೇ ಸೊರಗಬಹುದು.

ಹಾಗೆಂದು ಮುಟ್ಟು ಬೇಗ ನಿಂತವರೆಲ್ಲ ಖಿನ್ನತೆಗೆ ಬೀಳುವುದಿಲ್ಲ. ಬಡತನ, ಒಂಟಿತನ, ಮನೆಯೊಳಗಿನ ಹಿಂಸೆಯ ಪಾತ್ರವೂ ದೊಡ್ಡದು. ಹಿಂದೆ ಖಿನ್ನತೆ ಅನುಭವಿಸಿದವರು, ಬಾಣಂತನದಲ್ಲಿ ಮನಸ್ಸು ಕುಗ್ಗಿದ್ದವರು ಹೆಚ್ಚು ಜಾಗ್ರತೆ ವಹಿಸಬೇಕು. ಚಿಕಿತ್ಸೆ ಇದೆ: ಆಪ್ತಸಮಾಲೋಚನೆ, ಖಿನ್ನತೆಯ ಔಷಧಿ, ತೀರಾ ಬೇಗ ಮುಟ್ಟು ನಿಂತವರಿಗೆ ವೈದ್ಯರು ಪರೀಕ್ಷಿಸಿ ಹಾರ್ಮೋನ್ ಕೊಡುವುದೂ ಉಂಟು.

ಆಶಾ ಕಾರ್ಯಕರ್ತೆಯರೇ, ಮನೆಯವರೇ, ಎರಡು ವಾರಕ್ಕೂ ಮೀರಿ ಮಂಕಾಗಿರುವ ಅವ್ವನನ್ನೋ ಅಕ್ಕನನ್ನೋ ಕಂಡರೆ ಕೂತು ವಿಚಾರಿಸಿ. ಟೆಲಿಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಗರ್ಭಚೀಲ ತೆಗೆಯಬೇಕೆಂದು ಯಾರಾದರೂ ಹೇಳಿದರೆ, ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಡಿ.