ವಿಶಿ ಗೊತ್ತು, ಶಾಂತಾ ಗೊತ್ತಾ?

ಭದ್ರಾವತಿಯಲ್ಲಿ ಹುಟ್ಟಿದ ದೊಡ್ಡ ಕ್ರಿಕೆಟಿಗ ಯಾರು ಅಂದ್ರೆ ಥಟ್ಟನೆ ಹೇಳ್ತೀರಿ: ಜಿ.ಆರ್. ವಿಶ್ವನಾಥ್. 1969, ಕಾನ್ಪುರ, ಆಡಿದ ಮೊದಲ ಟೆಸ್ಟ್‌ನಲ್ಲೇ 137 ರನ್.

ಸರಿ, ಭಾರತದ ಪರ ಟೆಸ್ಟ್ ಶತಕ ಹೊಡೆದ ಮೊದಲ ಮಹಿಳೆ ಯಾರು? ಅವರೂ ನಮ್ಮ ಕರ್ನಾಟಕದವರೇ. ಬೆಂಗಳೂರಿನ ಶಾಂತಾ ರಂಗಸ್ವಾಮಿ.

1976ರಲ್ಲಿ ಭಾರತದ ಮಹಿಳೆಯರ ಮೊಟ್ಟಮೊದಲ ಟೆಸ್ಟ್ ನಡೆದಿದ್ದು ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ಎದುರು. ನಾಯಕಿ ಶಾಂತಾ. ಅದೇ ಸರಣಿಯಲ್ಲಿ, ಪಟ್ನಾದಲ್ಲಿ ಮೊದಲ ಗೆಲುವು. ಮರುವರ್ಷ ನ್ಯೂಜಿಲೆಂಡ್‌ನ ಡ್ಯುನೆಡಿನ್‌ನಲ್ಲಿ ಆ ಶತಕ: 108.

ಆಗ ಆ ತಂಡದ ಆಟಗಾರ್ತಿಯರೆಲ್ಲ ಹೇಗೆ ಓಡಾಡ್ತಿದ್ರು ಗೊತ್ತಾ? ರಿಸರ್ವೇಶನ್ ಇಲ್ಲದ ರೈಲು ಬೋಗಿಯಲ್ಲಿ. ಕ್ರಿಕೆಟ್ ಕಿಟ್ ಜೊತೆಗೆ ಹಾಸಿಗೆ ಸುರುಳಿಯನ್ನೂ ತಾವೇ ಹೊತ್ತುಕೊಂಡು. ರಾತ್ರಿ ಡಾರ್ಮಿಟರಿಯ ನೆಲದ ಮೇಲೆ ನಿದ್ದೆ. ದೇಶಕ್ಕಾಗಿ ಆಡುವವರಿಗೆ ಇಷ್ಟೇ! ಬಿಸಿಸಿಐ ಮಹಿಳಾ ಕ್ರಿಕೆಟ್ಟನ್ನು ತನ್ನ ತೆಕ್ಕೆಗೆ ತಗೊಂಡಿದ್ದು 2006ರಲ್ಲಿ. ತೀರಾ ತಡ ಆಯ್ತು.

ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಕೂಡ ಶಾಂತಾ ಅವರೇ.

ಶಿವಮೊಗ್ಗ, ಭದ್ರಾವತಿಯ ಅಪ್ಪ-ಅಮ್ಮಂದಿರೇ, ನವುಲೆ ಸ್ಟೇಡಿಯಂಗೆ ಮಗನನ್ನು ಕರ್ಕೊಂಡು ಹೋಗುವಾಗ ಮಗಳನ್ನೂ ಕರ್ಕೊಂಡು ಹೋಗಿ. ಅವಳ ಕೈಗೂ ಬ್ಯಾಟ್ ಕೊಡಿ.