ಮರದ ವಿಹಾರಗಳಿಗೆ ನೀರಿನ ಕಾವಲು

ಜನವರಿ 26ರಂದು ನಮ್ಮಲ್ಲಿ ಗಣರಾಜ್ಯೋತ್ಸವ. ಅದೇ ದಿನ ಜಪಾನಿನ ನಾರಾ ಸೀಮೆಯ ಹೊರ್ಯೂಜಿ ವಿಹಾರದಲ್ಲಿ, ಕರಕಲಾದ ಕಂಬಗಳನ್ನೂ ಬಣ್ಣ ಕಳೆದುಕೊಂಡ ಗೋಡೆಗಳನ್ನೂ ಕಾಪಿಟ್ಟಿರುವ ಕಟ್ಟಡದೊಳಗೆ ಭಿಕ್ಷುಗಳು ಸೂತ್ರ ಪಠಿಸುತ್ತಾರೆ. ಪಠಣ ಮುಗಿದ ಮೇಲೆ ವಿಹಾರದವರೂ ಅಗ್ನಿಶಾಮಕ ದಳದವರೂ ಸೇರಿ ನೀರು ಹಾರಿಸುವ ತಾಲೀಮು ನಡೆಸುತ್ತಾರೆ. 1955ರಿಂದ ಈ ದಿನ ಇಡೀ ಜಪಾನಿಗೆ ಸಾಂಸ್ಕೃತಿಕ ಸಂಪತ್ತಿನ ಅಗ್ನಿರಕ್ಷಣಾ ದಿನ.

ಇದಕ್ಕೆ ಕಾರಣ 1949ರ ಜನವರಿ 26ರ ಬೆಳಗಿನ ಜಾವ ನಡೆದ ಅನಾಹುತ. ಏಳನೆಯ ಶತಮಾನದ ಆರಂಭದಲ್ಲಿ ರಾಜಕುಮಾರ ಶೋತೊಕು ಕಟ್ಟಿಸಿದ ಹೊರ್ಯೂಜಿ 670ರಲ್ಲಿ ಸುಟ್ಟುಹೋಯಿತೆಂದು ‘ನಿಹೊನ್ ಶೋಕಿ’ ಎಂಬ ಪ್ರಾಚೀನ ವೃತ್ತಾಂತ ಹೇಳುತ್ತದೆ. ಆಮೇಲೆ ಎದ್ದ ಅದರ ಮುಖ್ಯ ಮಂದಿರ ‘ಕೊಂಡೊ’, ಜಗತ್ತಿನಲ್ಲಿ ಇಂದು ನಿಂತಿರುವ ಮರದ ಕಟ್ಟಡಗಳಲ್ಲೇ ಅತಿ ಹಳೆಯದೆಂದು ಹೆಸರಾದದ್ದು. ಒಳಗೋಡೆಗಳ ಮೇಲೆ ಹನ್ನೆರಡು ದೊಡ್ಡ ಚಿತ್ರಗಳಿದ್ದವು. ಅಜಂತಾ ಬಲ್ಲವರಿಗೆ ಅವುಗಳಲ್ಲಿ ಅದೇ ಕುಲದ ಮುಖಚಹರೆ ಕಾಣುತ್ತಿತ್ತು. 1934ರಲ್ಲಿ ಶುರುವಾದ ಜೀರ್ಣೋದ್ಧಾರ ಇನ್ನೂ ಮುಗಿದಿರಲಿಲ್ಲ. ಮೇಲಂತಸ್ತನ್ನು ಬಿಚ್ಚಿ ಇಟ್ಟಿದ್ದರು, ಮೂರ್ತಿಗಳನ್ನು ಬೇರೆಡೆಗೆ ಸಾಗಿಸಿದ್ದರು. ಅವು ಉಳಿದದ್ದು ಹಾಗೆ. ಕೆಳಗೆ ಚಿತ್ರಕಾರರು ಗೋಡೆಯ ಚಿತ್ರಗಳ ಪ್ರತಿ ತೆಗೆಯುತ್ತಿದ್ದರು. ಚಳಿಗೆಂದು ಅವರು ಬಳಸುತ್ತಿದ್ದ ವಿದ್ಯುತ್ ದಿಂಬಿನಿಂದ ಬೆಂಕಿ ಹೊತ್ತಿರಬೇಕೆಂಬ ಮಾತು ಬಲವಾಗಿದ್ದರೂ ಕಾರಣ ಖಚಿತವಾಗಿ ತೀರ್ಮಾನವಾಗಲಿಲ್ಲ. ಚಿತ್ರಗಳನ್ನು ಉಳಿಸುವ ಕೆಲಸ ನಡೆಯುತ್ತಿದ್ದ ಜಾಗದಲ್ಲೇ ಅವು ಬೆಂದುಹೋದವು. ಓದುವಾಗ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈ ಕಥೆಯಲ್ಲಿ ಭಾರತಕ್ಕೆ ಹತ್ತಿರದ ಒಬ್ಬರಿದ್ದಾರೆ, ಚಿತ್ರಕಾರ ಅರಾಯ್ ಕಾಂಪೊ. ರವೀಂದ್ರನಾಥ ಠಾಕೂರರ ಆಹ್ವಾನದ ಮೇಲೆ ಇಲ್ಲಿಗೆ ಬಂದ ಅವರು ಅಜಂತಾದ ಗುಹೆಗಳಲ್ಲಿ ಕುಳಿತು ಚಿತ್ರಗಳ ಪ್ರತಿ ತೆಗೆದಿದ್ದರು. ಟೋಕಿಯೊದಲ್ಲಿದ್ದ ಆ ಪ್ರತಿಗಳು 1923ರ ಕಾಂತೊ ಭೂಕಂಪದ ಬೆಂಕಿಗೆ ಆಹುತಿಯಾದವು. 1940ರಲ್ಲಿ ಹೊರ್ಯೂಜಿ ಚಿತ್ರಗಳ ಪ್ರತಿ ತೆಗೆಯುವ ಕೆಲಸ ಆರಂಭವಾದಾಗ ಒಂದು ತಂಡದ ಹೊಣೆ ಹೊತ್ತವರೂ ಅವರೇ. 1945ರಲ್ಲಿ ತೀರಿಕೊಂಡ ಅವರಿಗೆ ಇನ್ನೊಂದು ಬೆಂಕಿಯನ್ನು ನೋಡುವ ಗತಿ ಬರಲಿಲ್ಲ.

ಕೊನೆಗೆ ಕೈ ಹಿಡಿದದ್ದು ಗಾಜಿನ ಫಲಕಗಳು. 1935ರಲ್ಲಿ ಕ್ಯೋಟೊದ ಬೆನ್ರಿದೊ ಸಂಸ್ಥೆಯವರು ಗೋಡೆಗಳನ್ನು ತುಂಡು ತುಂಡಾಗಿ, ಮೂಲದಷ್ಟೇ ದೊಡ್ಡ ಅಳತೆಯಲ್ಲಿ ಗಾಜಿನ ಮೇಲೆ ಛಾಯಾಚಿತ್ರ ತೆಗೆದಿದ್ದರು. 1968ರಲ್ಲಿ ಮುಗಿದ ಹೊಸ ಭಿತ್ತಿಚಿತ್ರಗಳಿಗೆ ಅವೇ ಆಧಾರವಾದವು. ಬೆಂಕಿಯಿಂದ ರಕ್ಷಣೆ ಎಂದರೆ ನೀರು, ಕೊಳವೆ ಅಷ್ಟೇ ಅಲ್ಲ. ಕಳೆದುಕೊಳ್ಳುವ ಮೊದಲೇ ಶ್ರದ್ಧೆಯಿಂದ ದಾಖಲಿಸಿಡುವುದು ಅದರ ದೊಡ್ಡ ಪಾಲು ಎಂದೇ ನಾನು ತಿಳಿದಿದ್ದೇನೆ.

ಹೊರ್ಯೂಜಿಯ ನೋವು ಮರುವರ್ಷವೇ ಕಾನೂನಾಯಿತು. ಸಾಂಸ್ಕೃತಿಕ ಸಂಪತ್ತಿನ ರಕ್ಷಣಾ ಕಾಯ್ದೆ ಪ್ರಕಟವಾದದ್ದು 1950ರ ಮೇ ತಿಂಗಳಲ್ಲಿ, ಜಾರಿಗೆ ಬಂದದ್ದು ಆಗಸ್ಟ್‌ನಲ್ಲಿ. ನಡುವೆ ಜುಲೈ 2ರಂದು ಕ್ಯೋಟೊದ ಕಿಂಕಾಕುಜಿಯ ಸ್ವರ್ಣಮಂಟಪ ಸುಟ್ಟು ಬೂದಿಯಾಯಿತು. ಬೆಂಕಿ ಇಟ್ಟವನು ಅದೇ ವಿಹಾರದ ಎಳೆಯ ಭಿಕ್ಷು. ಇಂದು ಪ್ರವಾಸಿಗರು ಕೊಳದಾಚೆಯಿಂದ ನೋಡುವುದು 1955ರಲ್ಲಿ ಮತ್ತೆ ಕಟ್ಟಿದ ಮಂಟಪ.

ಬೆಂಕಿಯನ್ನು ಪೂರ್ತಿ ಹೊರಗಿಡೋಣವೆಂದರೆ ಅದೂ ಆಗದು. ದೀಪ, ಧೂಪ, ಪಂಜು ಇವೆಲ್ಲ ಪೂಜೆಯೊಳಗೇ ಇವೆ. ನಾರಾದ ತೋದೈಜಿಗೆ ಸೇರಿದ ನಿಗತ್ಸುದೋ ಮಂದಿರದಲ್ಲಿ 752ರಿಂದ ನಡೆದು ಬಂದಿರುವ ಆಚರಣೆಗೆ ಮಾರ್ಚ್ ತಿಂಗಳ ರಾತ್ರಿಗಳಲ್ಲಿ ಭಾರೀ ಪಂಜುಗಳನ್ನು ಮರದ ಮೊಗಸಾಲೆಯ ಮೇಲೆ ಹೊತ್ತು ಓಡುತ್ತಾರೆ. ಕೆಳಗೆ ನಿಂತ ಭಕ್ತರ ಮೇಲೆ ಕಿಡಿ ಸುರಿಯುತ್ತದೆ. 1667ರಲ್ಲಿ ಇದೇ ಆಚರಣೆಯ ವೇಳೆ ಮಂದಿರ ಸುಟ್ಟುಹೋಗಿ ಎರಡು ವರ್ಷಗಳಲ್ಲಿ ಮತ್ತೆ ಎದ್ದಿತು. ಆಚರಣೆ ಮಾತ್ರ ಬಿಟ್ಟುಹೋಗಲಿಲ್ಲ. ಹಿಯೇ ಬೆಟ್ಟದ ಎನ್ರ್ಯಾಕುಜಿಯಲ್ಲಿ ಸಾವಿರದಿನ್ನೂರು ವರ್ಷಗಳ ನಂದಾದೀಪವಿದೆ. 1571ರಲ್ಲಿ ಓದಾ ನೊಬುನಾಗನ ಸೈನ್ಯ ಬೆಟ್ಟವನ್ನೇ ಸುಟ್ಟಾಗ ಆ ದೀಪವೂ ಹೋಯಿತು. ಅದೇ ಜ್ವಾಲೆಯಿಂದ ಹಿಂದೆ ಹೊತ್ತಿಸಿಕೊಂಡಿದ್ದ ದೂರದ ರಿಶ್ಶಾಕುಜಿಯ ದೀಪದಿಂದ ಅದನ್ನು ಮರಳಿ ತಂದರು.

ಹಾಗಾಗಿ ವಿಹಾರದವರಿಗೆ ಬೆಂಕಿಯ ಜೊತೆ ಎಚ್ಚರದಿಂದ ಬಾಳುವ ವ್ಯವಸ್ಥೆ ಬೇಕು. ಒಳಗೆ ಹೊಗೆ, ಶಾಖ ಪತ್ತೆ ಮಾಡುವ ಗಂಟೆಗಳನ್ನು ಅಳವಡಿಸುತ್ತಾರೆ. ಚಾವಣಿಯಿಂದ ನೀರು ಸುರಿಸುವ ಏರ್ಪಾಡನ್ನು ಎಲ್ಲ ಕಡೆ ಹಾಕುವಂತಿಲ್ಲ, ಏಕೆಂದರೆ ಕಾರಣವಿಲ್ಲದೆ ಒಮ್ಮೆ ನೀರು ಬಿಟ್ಟುಕೊಂಡರೂ ಸಾವಿರ ವರ್ಷದ ಬಣ್ಣ ಹಾಳಾಗುತ್ತದೆ. ಹೊರಗೆ ಜಲಫಿರಂಗಿಗಳಿರುತ್ತವೆ. ಹಲವು ಮಂದಿರಗಳ ಚಾವಣಿಗೆ ಹೊದಿಸಿರುವುದು ಹಿನೊಕಿ ಮರದ ತೊಗಟೆ. ಗಾಳಿಯಲ್ಲಿ ಹಾರಿಬಂದ ಒಂದು ಕಿಡಿ ಅದಕ್ಕೆ ಸಾಕು. ಪಕ್ಕದ ಕಟ್ಟಡಕ್ಕೆ ಬೆಂಕಿ ಬಿದ್ದರೂ ಮೊದಲು ಈ ಚಾವಣಿಯನ್ನು ನೆನೆಸಬೇಕು.

ಭೂಕಂಪವಾದರೆ ನಗರದ ನೀರಿನ ಕೊಳವೆಗಳೇ ಒಡೆದುಹೋಗುತ್ತವೆ. 1995ರಲ್ಲಿ ಕೋಬೆ ಹೊತ್ತಿ ಉರಿದಾಗ ನಲ್ಲಿಗಳು ಒಣಗಿದ್ದವು. ಆ ಪಾಠ ಕಲಿತ ಕ್ಯೋಟೊ ನಗರ, ಕಿಯೊಮಿಜುದೇರಾ ವಿಹಾರದ ಆವರಣದಲ್ಲೂ ಹತ್ತಿರದ ಉದ್ಯಾನದಲ್ಲೂ ಭೂಕಂಪ ತಡೆಯುವ ನೆಲದಡಿಯ ತೊಟ್ಟಿಗಳನ್ನು ಕಟ್ಟಿಸಿತು. ಒಂದೊಂದರಲ್ಲೂ 15 ಲಕ್ಷ ಲೀಟರ್ ನೀರು. ಸುತ್ತಲ ಬೀದಿಗಳಲ್ಲಿ ನಿವಾಸಿಗಳೇ ತೆರೆದು ಬಳಸಬಹುದಾದ ನಲ್ಲಿಗಳಿವೆ. ವಿಹಾರವನ್ನಷ್ಟೇ ಅಲ್ಲದೆ ಅದಕ್ಕೆ ಅಂಟಿಕೊಂಡ ಮರದ ಮನೆಗಳ ಓಣಿಯನ್ನೂ ಒಟ್ಟಿಗೆ ಕಾಯುವ ಈ ಯೋಚನೆ ನನಗೆ ಬಹಳ ಮೆಚ್ಚುಗೆಯಾದದ್ದು. ಓಣಿ ಹೊತ್ತಿಕೊಂಡರೆ ವಿಹಾರ ಉಳಿಯದು.

ತಾಲೀಮಿಗೆ ನೆರೆಹೊರೆಯವರನ್ನೂ ಸೇರಿಸುವುದು ಇದಕ್ಕೇ. ದಳದ ವಾಹನ ಇಕ್ಕಟ್ಟಾದ ಓಣಿ ದಾಟಿ ಬರುವಷ್ಟರಲ್ಲಿ ಮೊದಲ ನಿಮಿಷಗಳು ಕಳೆದುಹೋಗಿರುತ್ತವೆ. ಯಾವ ಮೂರ್ತಿಯನ್ನು ಯಾರು ಎತ್ತಬೇಕು, ಎಷ್ಟು ಜನ ಬೇಕು, ಯಾವ ಬಾಗಿಲಿನಿಂದ ತರಬೇಕು ಎಂಬುದನ್ನು ಅವರು ಮೊದಲೇ ಅಭ್ಯಾಸ ಮಾಡಿರುತ್ತಾರೆ.

ಪ್ರಸಿದ್ಧ ವಿಹಾರಗಳಿಗೆ ಹಣವೂ ಬರುತ್ತದೆ, ಜನರೂ ಇರುತ್ತಾರೆ. ಹಳ್ಳಿಗಾಡಿನಲ್ಲಿ ಯುವಕರು ಪಟ್ಟಣ ಸೇರಿ, ಖಾಯಂ ಭಿಕ್ಷುವೂ ಇಲ್ಲದ ಹಳೆಯ ವಿಹಾರಗಳು ಹೆಚ್ಚುತ್ತಿವೆ. ಅಲ್ಲಿ ಗಂಟೆಯನ್ನು ಅಳವಡಿಸುವುದು ಸುಲಭ; ಅದು ಮೊಳಗಿದಾಗ ಬಕೆಟ್ ಹಿಡಿದು ಓಡಿಬರುವವರು ಎಪ್ಪತ್ತು ದಾಟಿದ ಹಿರಿಯರೇ. ಅವರ ಕೈಗೂ ದಕ್ಕುವಂತೆ, ಒಬ್ಬರೇ ಹಿಡಿದು ನೀರು ಹಾರಿಸಬಹುದಾದ ಹಗುರ ಕೊಳವೆಗಳು ಇಂಥ ಕಡೆ ಮೊದಲು ತಲುಪಬೇಕು.