ಕಾರ್ನಿವಲ್ ನಿಂತಿತು, ದೀಪ ಉಳಿಯಿತು

ಕಡಲದಂಡೆಯಲ್ಲಿ ಉತ್ಸವ ಅಂದ ಕೂಡಲೇ ಪೇಟೆಯ ಅಂಗಡಿಕಾರರಲ್ಲಿ ಎರಡು ಪಂಗಡ. 'ಜನ ಬಂದರೆ ವ್ಯಾಪಾರ ಬಂದ ಹಾಗೆ' ಎನ್ನುವವರು ಒಂದು ಕಡೆ. 'ಜನ ಬರ್ತಾರೆ ಮಾರಾಯ್ರೆ, ಗಲ್ಲಾಪೆಟ್ಟಿಗೆಗೆ ದುಡ್ಡು ಬರೋದಿಲ್ಲ. ಮರುದಿನ ಕಸ ಗುಡಿಸೋದು ಮಾತ್ರ ನಾವು' ಎನ್ನುವವರು ಇನ್ನೊಂದು ಕಡೆ. ಬಸ್‌ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಈ ವಾದ ಮುಗಿದದ್ದನ್ನು ಯಾರೂ ಕಂಡಿಲ್ಲ.

ಇಂಗ್ಲೆಂಡಿನ ಒಂದು ಕಡಲೂರಿನವರು ಮಾತ್ರ ಇದಕ್ಕೆ ನೂರು ವರ್ಷದ ಹಿಂದೆಯೇ ತಮ್ಮದೊಂದು ಉತ್ತರ ಕಂಡುಕೊಂಡರು. ಊರಿನ ಹೆಸರು ಬ್ಲ್ಯಾಕ್‌ಪೂಲ್. ಅಲ್ಲಿನ ಬೇಸಿಗೆ ಕಾರ್ನಿವಲ್‌ನ ಕಥೆ ನಮ್ಮ ಅಂಗಡಿಕಾರರು ಕೇಳಬೇಕಾದದ್ದು.

ಗಿರಣಿಯವರ ಹಬ್ಬ

ಬ್ಲ್ಯಾಕ್‌ಪೂಲ್ ಇರುವುದು ಇಂಗ್ಲೆಂಡಿನ ವಾಯವ್ಯಕ್ಕೆ, ಲ್ಯಾಂಕಾಶೈರ್ ಸೀಮೆಯ ಕಡಲ ಅಂಚಿನಲ್ಲಿ. ಲ್ಯಾಂಕಾಶೈರ್ ಅಂದರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ನಾಡು. ನಮಗೂ ಅದಕ್ಕೂ ಹಳೆಯ ನಂಟುಂಟು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬರುವುದು ನಿಂತಾಗ, ಗಿರಣಿ ಮಾಲೀಕರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಸಾಗಿಸಲು ಕಾರವಾರ ಬಂದರು ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೂ ಇತ್ತು.

ಆ ಗಿರಣಿಗಳ ಕೂಲಿಕಾರರಿಗೆ ವರ್ಷಕ್ಕೊಂದು ಬಿಡುವಿನ ವಾರ. ಅದಕ್ಕೆ 'ವೇಕ್ಸ್ ವಾರ' ಅಂತ ಹೆಸರು. ಮೂಲದಲ್ಲಿ ಇದು ಊರಿನ ಇಗರ್ಜಿಯ ಸಂತನ ಹಬ್ಬ, ನಮ್ಮ ಊರ ಜಾತ್ರೆ ಇದ್ದ ಹಾಗೆ. ಗಿರಣಿಗಳು ಬಂದ ಮೇಲೆ ಹಬ್ಬದ ವಾರವೇ ಗಿರಣಿ ಮುಚ್ಚುವ ವಾರವಾಯಿತು. ಒಂದೊಂದು ಊರಿಗೆ ಒಂದೊಂದು ವಾರ. ಆ ವಾರದ ಸಂಬಳ ಮಾತ್ರ ಇಲ್ಲ! ಹಾಗಾಗಿ ನಾವು ಚೀಟಿ ಕಟ್ಟುವಂತೆ ವರ್ಷವಿಡೀ ವಾರಕ್ಕಿಷ್ಟು ಅಂತ ಸಂಘಕ್ಕೆ ಕಟ್ಟಿ, ಕೂಡಿದ್ದನ್ನು ಆ ಒಂದು ವಾರದಲ್ಲಿ ಖರ್ಚು ಮಾಡುವುದು ಪದ್ಧತಿ.

ಬ್ಲ್ಯಾಕ್‌ಪೂಲಿಗೆ 1846ರಲ್ಲಿ ರೈಲು ಬಂತು. ಈ ವಾರ ಒಂದು ಊರಿನವರು, ಬರುವ ವಾರ ಪಕ್ಕದ ಊರಿನವರು, ಹೀಗೆ ಬೇಸಿಗೆಯುದ್ದಕ್ಕೂ ಗಿರಾಕಿಗಳ ಸಾಲು. ಅಲ್ಲಿನ ಬೇಸಿಗೆ ನಮ್ಮ ಹಾಗೆ ಏಪ್ರಿಲ್-ಮೇ ಅಲ್ಲ, ಜೂನ್‌ನಿಂದ ಆಗಸ್ಟ್‌ವರೆಗೆ. ಮನೆ ಮನೆಯಲ್ಲೂ ಬಾಡಿಗೆ ಕೋಣೆ. ಗಿರಾಕಿ ಸಾಮಾನು ತಂದುಕೊಟ್ಟರೆ ಮನೆಯೊಡತಿ ಅಡುಗೆ ಮಾಡಿಹಾಕಿ ಚಾರ್ಜು ಹಾಕುವಳು. ಆದರೆ ಆಗಸ್ಟ್ ಕಳೆಯಿತೋ, ಕೋಣೆ ಖಾಲಿ, ಅಂಗಡಿ ಖಾಲಿ. ಮೂರು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳು ಉಣ್ಣಬೇಕು. ಬ್ಲ್ಯಾಕ್‌ಪೂಲಿನ ಪುರಪಿತೃಗಳಿಗೆ ತಲೆನೋವಾಗಿದ್ದದ್ದು ಇದೇ.

ಪ್ರಚಾರಕ್ಕೊಂದು ತೆರಿಗೆ

ಅವರು ಸುಮ್ಮನೆ ಕೂರಲಿಲ್ಲ. 1879ರಲ್ಲಿ ಕಾನೂನು ಮಾಡಿಸಿಕೊಂಡು, ಊರಿನ ಪ್ರಚಾರಕ್ಕೆಂದೇ ತೆರಿಗೆ ಎತ್ತುವ ಅಧಿಕಾರ ಪಡೆದರು. ಪೌಂಡಿಗೆ 2 ಪೆನ್ಸ್. ಆಗ ಒಂದು ಪೌಂಡಿಗೆ 240 ಪೆನ್ಸ್. ಅದೇ ವರ್ಷ ದಂಡೆಯ ರಸ್ತೆಗೆ ಎಂಟು ವಿದ್ಯುತ್ ಆರ್ಕ್ ದೀಪ ಹಾಕಿಸಿದರು. 1885ರಲ್ಲಿ ವಿದ್ಯುತ್ ಟ್ರ್ಯಾಮು ಓಡಿತು. 1894ರಲ್ಲಿ 518 ಅಡಿ ಎತ್ತರದ ಗೋಪುರ ಎದ್ದಿತು.

ಬೀದಿ ವ್ಯಾಪಾರಿಗಳ ಪ್ರಸಂಗವೂ ಒಂದಿದೆ. ಮರಳ ಮೇಲೆ ಕೂತು ಮದ್ದು ಮಾರುವವರು, ತಲೆಬುರುಡೆ ಮುಟ್ಟಿ ಭವಿಷ್ಯ ಹೇಳುವವರು ಹೆಚ್ಚಾದರೆಂದು 1897ರಲ್ಲಿ ನಗರಸಭೆ ಅವರನ್ನು ಎಬ್ಬಿಸಿತು. ಅವರು ಊರು ಬಿಟ್ಟರೆ? ಇಲ್ಲ! ಎದುರಿನ ಮನೆಗಳ ಅಂಗಳ ಬಾಡಿಗೆಗೆ ಹಿಡಿದು ಅಲ್ಲೇ ಕೂತರು. 'ಗೋಲ್ಡನ್ ಮೈಲ್' ಎಂದು ಹೆಸರಾದ ಬೀದಿ ಹುಟ್ಟಿದ್ದೇ ಹಾಗೆ. ಹೊಟ್ಟೆಪಾಡಿನವನನ್ನು ಒಂದು ಕಡೆಯಿಂದ ಎಬ್ಬಿಸಿದರೆ ಇನ್ನೊಂದು ಕಡೆ ಕೂರುತ್ತಾನೆ. ಇದು ಎಲ್ಲ ಊರಿನ ನಗರಸಭೆಗೂ ಗೊತ್ತಿರುವ ಸಂಗತಿ.

1912ರ ಮೇ ತಿಂಗಳಲ್ಲಿ ರಾಜಕುಮಾರಿ ಲೂಯಿಸ್ ಹೊಸ ದಂಡೆ ರಸ್ತೆಯ ಉದ್ಘಾಟನೆಗೆ ಬಂದಳು. ಆಗ ಸುಮಾರು 10,000 ಬಲ್ಬುಗಳ ಅಲಂಕಾರವಾಯಿತು. ಜನ ಮುಗಿಬಿದ್ದು ನೋಡಿದರು. ಇಲ್ಲಿ ಅಂಗಡಿಕಾರರ ಬುದ್ಧಿ ನೋಡಿ. ವರ್ತಕರ ಸಂಘದವರು, ಟ್ರ್ಯಾಮಿನವರು ಕೂಡಿ ನಗರಸಭೆಗೆ ಹೋಗಿ, 'ಈ ದೀಪವನ್ನು ಸೆಪ್ಟೆಂಬರಿನಲ್ಲಿ ಹಾಕಿ' ಎಂದು ಪಟ್ಟು ಹಿಡಿದರು. ಸೆಪ್ಟೆಂಬರ್ ಯಾಕೆ? ಗಿರಾಕಿ ಕರಗುವ ತಿಂಗಳು ಅದೇ. ಬೇಗ ಕತ್ತಲಾಗಲು ಶುರುವಾಗುವುದೂ ಆಗಲೇ. ದೀಪಕ್ಕೆ ಕತ್ತಲೆ ಬೇಕಲ್ಲ!

ಮಹಾಯುದ್ಧ ಬಂದು ದೀಪ ಆರಿತು.

ಎರಡೇ ವರ್ಷದ ಕಾರ್ನಿವಲ್

ಯುದ್ಧ ಮುಗಿದ ಮೇಲೆ ಊರಿಗೆ ಹೊಸ ಹುರುಪು. ಫ್ರಾನ್ಸಿನ ನೀಸ್ ಪಟ್ಟಣದ ಕಾರ್ನಿವಲ್ ಜಗತ್ಪ್ರಸಿದ್ಧ. ಈಗಿನ ರೂಪದಲ್ಲಿ ಅದು ಶುರುವಾದದ್ದು 1873ರಲ್ಲಿ. ನೀಸ್‌ನವರು ಅದನ್ನು ನಡೆಸುವುದು ಚಳಿಗಾಲದ ಕೊನೆಗೆ. ಅದರ ಮಾದರಿಯನ್ನು ಬ್ಲ್ಯಾಕ್‌ಪೂಲಿನವರು 1923ರ ಜೂನ್‌ಗೆ ತಂದರು. ಕಾಗದದ ಮುದ್ದೆಯಲ್ಲಿ ಮಾಡಿದ ದೈತ್ಯ ತಲೆಗಳು (ನಮ್ಮ ಗಾರುಡಿ ಗೊಂಬೆಗಳನ್ನು ನೆನೆಸಿಕೊಳ್ಳಿ), ಅಲಂಕಾರದ ಗಾಡಿಗಳು, ವಾದ್ಯ, ವೇಷ, ಮೆರವಣಿಗೆ. ಜನಸಾಗರವೇ ಬಂತು. ಊರಿಗೆ ಊರೇ ಕುಣಿಯಿತು. ಯಶಸ್ಸು ಅಂದರೆ ಯಶಸ್ಸು.

1924ರಲ್ಲಿ ಮತ್ತೆ ಮಾಡಿದರು. ಈ ಸಲ ಮಜಾ ಮಿತಿ ಮೀರಿತು. ಕುಡಿತ, ಗಲಾಟೆ, ಹೊಡೆದಾಟ. ಸಂಸಾರವಂದಿಗರು ಮುಖ ತಿರುಗಿಸುವ ಹಾಗಾಯಿತು. ವರ್ಷದ ಉಳಿತಾಯ ಹಿಡಿದು, ಮಕ್ಕಳುಮರಿ ಕಟ್ಟಿಕೊಂಡು ವಾರಗಟ್ಟಲೆ ಉಳಿಯುವವನೇ ಊರಿನ ನಿಜವಾದ ಗಿರಾಕಿ. ಅವನೇ ಹೆದರಿದರೆ ಮೆರವಣಿಗೆ ಯಾರಿಗೆ ಬೇಕು? ಅದೂ ಅಲ್ಲದೆ ಜೂನ್ ಹೇಗಿದ್ದರೂ ಸೀಸನ್ನಿನ ತಿಂಗಳೇ. ಇರುವ ರಶ್ಶಿನ ಮೇಲೆ ಇನ್ನಷ್ಟು ರಶ್ ಹೇರಿದಂತಾಯಿತೇ ವಿನಾ ಖಾಲಿ ಕೋಣೆ ತುಂಬಲಿಲ್ಲ.

ನಗರಸಭೆ ಕಾರ್ನಿವಲ್ ಕೈಬಿಟ್ಟಿತು. 1925ರಲ್ಲಿ ಹಳೆಯ ದೀಪಗಳೇ ಮರಳಿ ಬಂದವು. 1932ರ ಹೊತ್ತಿಗೆ ಅವು ಸುಮಾರು ಆರು ಮೈಲಿ ಉದ್ದಕ್ಕೆ ಹಬ್ಬಿದವು. 1939ರಲ್ಲಿ ಮತ್ತೆ ಯುದ್ಧ, ಮತ್ತೆ ಕತ್ತಲೆ. 1949ರಲ್ಲಿ ಚಿತ್ರನಟಿ ಆನಾ ನೀಗಲ್ ಸ್ವಿಚ್ ಒತ್ತಿ ದೀಪ ಬೆಳಗಿಸಿದಳು. ಹೆಸರಾಂತರಿಂದ ಸ್ವಿಚ್ ಹಾಕಿಸುವ ಆ ರೂಢಿ ಈಗಲೂ ನಡೆದಿದೆ. ಆಗಸ್ಟ್ ಕೊನೆಯ ಹೊತ್ತಿಗೆ ದೀಪ ಹತ್ತಿದರೆ ಚಳಿಗಾಲದವರೆಗೂ ಉರಿಯುತ್ತದೆ. ನೋಡಲು ಟಿಕೆಟ್ಟಿಲ್ಲ. ಆದರೆ ಕತ್ತಲಾಗುವ ತನಕ ಕಾಯಬೇಕು. ಕಾಯುವವನಿಗೆ ಹಸಿವಾಗುತ್ತದೆ, ನೋಡಿ ಮುಗಿಸುವಾಗ ರಾತ್ರಿಯಾಗುತ್ತದೆ. ಹೋಟೆಲಿನವನಿಗೂ ಕೋಣೆಯವನಿಗೂ ಲಾಭ ಅಲ್ಲೇ.

ದೀಪದ ಬುಡದ ಕತ್ತಲೆ

ಹಾಗಂತ ದೀಪ ಹಚ್ಚಿದರೆ ಊರು ಉದ್ಧಾರವಾಯಿತು ಅಂತ ತಿಳಿಯಬೇಡಿ. ಲ್ಯಾಂಕಾಶೈರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1960-70ರ ದಶಕಗಳಲ್ಲಿ ಅಗ್ಗದ ವಿಮಾನ ಹತ್ತಿ ಇಂಗ್ಲಿಷರು ಸ್ಪೇನಿನ ಬಿಸಿಲಿಗೆ ಹೋಗತೊಡಗಿದರು. ವೇಕ್ಸ್ ವಾರ ಅನ್ನುವುದು ಹಳಬರ ಮಾತಾಯಿತು. 2019ರಲ್ಲಿ ಇಂಗ್ಲೆಂಡಿನ ಸರಕಾರ ಹಿಂದುಳಿದ ಪ್ರದೇಶಗಳ ಪಟ್ಟಿ ಮಾಡಿದಾಗ ತೀರಾ ಕೆಳಗಿದ್ದ ಊರುಗಳಲ್ಲಿ ಬ್ಲ್ಯಾಕ್‌ಪೂಲ್ ಸೇರಿತ್ತು. ಸೀಸನ್ನೊಂದನ್ನೇ ನೆಚ್ಚಿದ ಊರಿಗೆ ದೀಪ ಎರಡು ತಿಂಗಳು ಹೆಚ್ಚಿಗೆ ಕೊಡಬಹುದು; ವರ್ಷಪೂರ್ತಿ ಕೆಲಸ ಕೊಡಲಾರದು.

ಆದರೂ ಆ ಅಂಗಡಿಕಾರರ ಲೆಕ್ಕ ತಪ್ಪಲ್ಲ. ಜನ ಹೇಗೂ ಬರುವ ದಿನ ಉತ್ಸವ ಮಾಡುವುದು ತುಂಬಿದ ಬಸ್ಸಿಗೆ ಮತ್ತೆ ಹತ್ತು ಜನರನ್ನು ತುರುಕಿದ ಹಾಗೆ. ಕಂಡಕ್ಟರನಿಗೆ ಒಂದಿಷ್ಟು ಕಲೆಕ್ಷನ್, ಉಳಿದವರಿಗೆಲ್ಲ ತೊಂದರೆ. ಬಸ್ಸು ಖಾಲಿ ಓಡುವ ಹೊತ್ತಿಗೆ ನಾಲ್ಕು ಜನ ಹತ್ತಿದರೆ ಅದು ಸಂಪಾದನೆ.

ಮುಂದಿನ ಸಲ ಉತ್ಸವದ ರಸೀದಿ ಪುಸ್ತಕ ಹಿಡಿದು ಯಾರಾದರೂ ನಿಮ್ಮ ಅಂಗಡಿ ಮೆಟ್ಟಿಲು ಹತ್ತಿದರೆ ಚಂದಾ ಕೊಡಿ, ಬೇಡ ಅನ್ನುವುದಿಲ್ಲ. ಕೊಡುವ ಮೊದಲು ಒಂದೇ ಮಾತು ಕೇಳಿ: 'ಯಾವ ತಿಂಗಳಲ್ಲಿ, ಸ್ವಾಮಿ?'